ಸಂಸಾರ ಒಡೆದಾಗ ಸ್ವತ್ತು ಯಾರ ಪಾಲು?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ಮಹಿಳಾ ಸದಸ್ಯರ ಸಭೆಯಲ್ಲಿ ತಾಲ್ಲೂಕಿನ ಹಿರಿಯ ವಕೀಲರೊಬ್ಬರು ಮಾಡಿದ ಭಾಷಣದ ಬರಹ ರೂಪ)



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ, ಹೆಣ್ಣುಮಕ್ಕಳಿಗೆ ಉಪಯೋಗವಾಗುವಂಥ ಎರಡು ಕಾನೂನಿನ ಮಾತು ಹೇಳಿ ಅಂತ ನನ್ನನ್ನು ಕರೆದಿದ್ದಾರೆ. ನಾನು ಆರಿಸಿಕೊಂಡ ವಿಷಯ ಕೇಳಿ ನಿರ್ದೇಶಕರೊಬ್ಬರು ಸ್ವಲ್ಪ ಹಿಂಜರಿದರು. ‘ಹಬ್ಬದ ದಿನ ವಿಚ್ಛೇದನದ ಮಾತು ಬೇಕಾ ಸಾರ್?’ ಅಂದರು. ಅವರ ಮಾತು ತಪ್ಪಲ್ಲ. ಆದರೆ ಒಂದು ಯೋಚನೆ ಮಾಡಿ. ಹಸು ತಂದ ಕೂಡಲೇ ನಾವು ಅದಕ್ಕೆ ವಿಮೆ ಮಾಡಿಸುತ್ತೇವೆ, ಕಿವಿಗೆ ಬಿಲ್ಲೆ ಹಾಕಿಸುತ್ತೇವೆ. ಹಸು ಸಾಯಲಿ ಅಂತ ಯಾರಾದರೂ ವಿಮೆ ಕಟ್ಟುತ್ತಾರೆಯೆ? ಇಲ್ಲ. ಕೆಟ್ಟ ಕಾಲ ಬಂದರೆ ಮನೆ ಬೀದಿಗೆ ಬರಬಾರದು ಅಂತ ಕಟ್ಟುತ್ತೇವೆ. ಇವತ್ತಿನ ನನ್ನ ಮಾತೂ ಅಂಥದ್ದೇ. ಇಲ್ಲಿ ಕೂತಿರುವ ಯಾರ ಸಂಸಾರವೂ ಒಡೆಯದಿರಲಿ. ಆದರೆ ಒಡೆದ ಮನೆಗಳನ್ನು ನಾನು ಮೂವತ್ತಕ್ಕೂ ಹೆಚ್ಚು ವರ್ಷದಿಂದ ಕೋರ್ಟಿನಲ್ಲಿ ನೋಡಿದ್ದೇನೆ. ಅಲ್ಲಿ ಕಲಿತದ್ದನ್ನು ನಿಮ್ಮ ಮುಂದೆ ಇಡಬೇಕಾದ್ದು ನನ್ನ ಧರ್ಮ.

ಮೊದಲು ಒಂದು ಪ್ರಸಂಗ ಹೇಳುತ್ತೇನೆ. ಇದರಲ್ಲಿ ತಪ್ಪು ನನ್ನದೇ, ಆದ್ದರಿಂದ ಧೈರ್ಯವಾಗಿ ಹೇಳಬಹುದು. ಸುಮಾರು ಹದಿನೈದು ವರ್ಷದ ಹಿಂದಿನ ಮಾತು. ಬೇರೊಂದು ಹೋಬಳಿಯ ಹೆಣ್ಣುಮಗಳು, ಮದುವೆಯಾಗಿ ಹದಿನಾಲ್ಕು ವರ್ಷ. ಗಂಡ ಹೆಂಡತಿ ಕೂಡಿ ಬಾಳುವ ಸ್ಥಿತಿ ಇರಲಿಲ್ಲ. ಇಬ್ಬರೂ ಒಪ್ಪಿ ಬೇರೆಯಾಗಲು ನಿರ್ಧರಿಸಿದರು. ಊರ ಹಿರಿಯರು ಕೂತು 1,50,000 ರೂಪಾಯಿಗೆ ಮಾತು ಮುಗಿಸಿದ್ದರು. ನಾನು ಆಕೆಯ ಕಡೆಯ ವಕೀಲ. ಅರ್ಜಿ ಬರೆದೆ. ‘ಮೇಲ್ಕಂಡ ಹಣವನ್ನು ಪಡೆದುಕೊಂಡಿದ್ದು, ಇನ್ನು ಮುಂದೆ ಒಬ್ಬರ ಮೇಲೊಬ್ಬರಿಗೆ ಯಾವುದೇ ಹಕ್ಕುಬಾಧ್ಯತೆ ಇರುವುದಿಲ್ಲ’ ಅಂತ ಕೊನೆಯ ಸಾಲು ಹಾಕಿದೆ. ಎಲ್ಲ ವಕೀಲರೂ ಹಾಕುವ ಸಾಲು ಅದು. ವಿಚ್ಛೇದನ ಆಯಿತು.

ಎರಡು ತಿಂಗಳಾದ ಮೇಲೆ ಆಕೆ ಮಗಳನ್ನು ಕರೆದುಕೊಂಡು ನನ್ನ ಆಫೀಸಿಗೆ ಬಂದಳು. ಜಗಳಕ್ಕೆ ಬಂದವಳಲ್ಲ. ‘ಸಾಮಿ, ನಾಕು ಹಸ ನಾನು ಸಾಕಿದ್ದು. ಹಗ್ಗ ಹಿಡ್ಕಂಡು ಬರಕ್ಕೆ ಹೋದ್ರೆ ನಿನ್ನ ಹೆಸ್ರಲ್ಲಿ ಏನೈತೆ ಅಂದ್ರು. ನನ್ನ ತವರಿನ ನಲವತ್ತು ಗ್ರಾಂ ಒಡವೆ ಅವರ ಹೊಲದ ಬೋರಿಗೆ ಹೋಯ್ತಲ್ಲ, ಅದ ಎಲ್ಲಿ ಬರ್ದಿದೀರಿ?’ ಅಂತ ಕೇಳಿದಳು. ನಾನು ಬರೆದಿರಲಿಲ್ಲ. ಯಾಕೆಂದರೆ ನಾನು ಕೇಳಿರಲಿಲ್ಲ. ಆಕೆಯೂ ಹೇಳಿರಲಿಲ್ಲ, ಆದರೆ ಕೇಳಬೇಕಾದವನು ನಾನು. ಆ ದಿನ ಆಕೆಗೆ ಕೊಡಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂದಿನಿಂದ ನನ್ನ ಹತ್ತಿರ ಬರುವ ಪ್ರತಿ ದಂಪತಿಗಳ ಎದುರಿಗೂ ಒಂದು ಬಿಳಿ ಹಾಳೆ ಇಟ್ಟು ಮೂರು ಮನೆ ಗೀಟು ಹಾಕುತ್ತೇನೆ. ಆ ಹಾಳೆಯನ್ನೇ ಇವತ್ತು ನಿಮಗೆ ವಿವರಿಸುತ್ತೇನೆ.

ಬಹಳ ಜನ ತಿಳಿದುಕೊಂಡಿರುವುದು ಏನೆಂದರೆ, ವಿಚ್ಛೇದನವಾದರೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಬರುತ್ತದೆ ಅಂತ. ಸಿನಿಮಾದಲ್ಲಿ, ಪೇಪರಿನಲ್ಲಿ ನೋಡಿ ಹಾಗೆ ಅಂದುಕೊಂಡಿದ್ದಾರೆ. ಇದು ನಿಜವಲ್ಲ. ನಮ್ಮ ರಾಜ್ಯದಲ್ಲಿ ಗಂಡ ಹೆಂಡತಿಯ ಗಳಿಕೆಯನ್ನು ಒಟ್ಟು ಮಾಡಿ ಅರ್ಧರ್ಧ ಹಂಚುವ ಕಾಯಿದೆ ಇಲ್ಲ. ಯಾರ ಹೆಸರಿನಲ್ಲಿ ಪತ್ರ ಇದೆಯೋ ಸ್ವತ್ತು ಅವರದು ಎಂಬುದೇ ಸಾಮಾನ್ಯ ನಿಯಮ. ಹಾಗಾದರೆ ಹೆಂಡತಿಗೆ ಏನೂ ಇಲ್ಲವೆ? ಅದೂ ನಿಜವಲ್ಲ. ಕಣದಲ್ಲಿ ರಾಶಿ ಮಾಡಿ ಹಂಚುತ್ತೇವಲ್ಲ, ಹಾಗೆ ಸಂಸಾರದ ಸ್ವತ್ತನ್ನು ಮೂರು ರಾಶಿ ಮಾಡಿಕೊಳ್ಳಬೇಕು. ಒಂದು ಹೆಣ್ಣಿನದು. ಎರಡು ಗಂಡಿನದು. ಮೂರನೆಯದು ಇಬ್ಬರೂ ಕೂಡಿ ಗಳಿಸಿದ್ದು.

ಮೊದಲನೆಯ ರಾಶಿ, ಹೆಣ್ಣಿನದು. ಇದರಲ್ಲಿ ಕಾನೂನು ಕನ್ನಡಿಯಷ್ಟು ಸ್ಪಷ್ಟವಾಗಿದೆ. ತವರಿನವರು ಹಾಕಿದ ಒಡವೆ, ಬಳುವಳಿಯಾಗಿ ಬಂದ ಪಾತ್ರೆಪಡಗ, ಹಸು, ಮದುವೆಗೆ ಮುಂಚೆ, ಮದುವೆಯಲ್ಲಿ, ಆಮೇಲೆ ಆಕೆಗೆಂದೇ ಬಂದ ಉಡುಗೊರೆ, ಗಂಡನೇ ಪ್ರೀತಿಯಿಂದ ಮಾಡಿಸಿಕೊಟ್ಟ ಓಲೆ, ಇವೆಲ್ಲ ಸ್ತ್ರೀಧನ. ನಮ್ಮ ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕಿನ ಕಾಯಿದೆ ಮಾಡಿ ಸ್ತ್ರೀಧನ ಎಂದರೆ ಯಾವುದು ಅಂತ ಪಟ್ಟಿ ಕೊಟ್ಟಿತ್ತು. ಹೆಣ್ಣು ತನ್ನ ಕೈಕಸುಬು, ದುಡಿಮೆಯಿಂದ ಗಳಿಸಿದ್ದೂ ಆ ಪಟ್ಟಿಯಲ್ಲಿತ್ತು ಎಂಬುದನ್ನು ಹೈನುಗಾರಿಕೆ ಮಾಡುವ ತಾಯಂದಿರು ಗಮನಿಸಬೇಕು. ಆಮೇಲೆ ಇಡೀ ದೇಶಕ್ಕೆ ಬಂದ 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 14ನೇ ಕಲಂ ಹೆಣ್ಣಿನ ಸ್ವತ್ತು ಆಕೆಯ ಪೂರ್ಣ ಸ್ವತ್ತು ಎಂದು ಸಾರಿತು.

1985ರಲ್ಲಿ ಸುಪ್ರೀಂ ಕೋರ್ಟು ಪ್ರತಿಭಾ ರಾಣಿ ಮೊಕದ್ದಮೆಯಲ್ಲಿ ಇನ್ನೂ ಬಿಡಿಸಿ ಹೇಳಿತು. ಸ್ತ್ರೀಧನ ಗಂಡನ ಮನೆಯ ಬೀರುವಿನಲ್ಲಿ ಇದ್ದ ಮಾತ್ರಕ್ಕೆ ಅದು ಗಂಡನದಾಗುವುದಿಲ್ಲ. ಅವರು ಅದನ್ನು ನಂಬಿಕೆಯ ಮೇಲೆ ಇಟ್ಟುಕೊಂಡವರು ಮಾತ್ರ. ಕೇಳಿದಾಗ ಕೊಡದಿದ್ದರೆ ಅದು ನಂಬಿಕೆ ದ್ರೋಹದ ಅಪರಾಧ. ಇನ್ನು ಕಷ್ಟಕಾಲದಲ್ಲಿ ಗಂಡ ಬಳಸಿಕೊಂಡಿದ್ದರೆ? ಬಳಸಿಕೊಂಡರೂ ಹಿಂದಿರುಗಿಸುವ ಹೊಣೆ ಅವನದು ಅಂತ 2024ರ ಏಪ್ರಿಲ್‌ನಲ್ಲಿ ಅದೇ ಕೋರ್ಟು ಹೇಳಿದೆ. ಕೇರಳದ ಆ ಮೊಕದ್ದಮೆಯಲ್ಲಿ 89 ಪವನ್ ಒಡವೆಗೆ ಕುಟುಂಬ ನ್ಯಾಯಾಲಯ ಹಿಂದೆ ಹಾಕಿದ್ದ ಬೆಲೆ 8,90,000 ರೂಪಾಯಿ. ಇಷ್ಟು ವರ್ಷ ಕಳೆದದ್ದನ್ನು ಲೆಕ್ಕಕ್ಕೆ ಹಿಡಿದು ಸುಪ್ರೀಂ ಕೋರ್ಟು 25 ಲಕ್ಷ ಕೊಡಿಸಿತು. ಆದ್ದರಿಂದ ಒಡವೆಯ ಲೆಕ್ಕವನ್ನು ಮದುವೆ ಕಾಲದ ರೂಪಾಯಿಯಲ್ಲಿ ಮಾಡಬಾರದು. ತೂಕಕ್ಕೆ ತೂಕ, ಇಲ್ಲವೆ ಈಗಿನ ಬೆಲೆ ಹಿಡಿದು ಮಾಡಬೇಕು.

ವರದಕ್ಷಿಣೆ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ, ಇದು ಎಲ್ಲರಿಗೂ ಗೊತ್ತು. ಆದರೆ 1961ರ ವರದಕ್ಷಿಣೆ ನಿಷೇಧ ಕಾಯಿದೆಯ 6ನೇ ಕಲಮಿನ ಪ್ರಕಾರ, ಯಾರ ಕೈಗೆ ಕೊಟ್ಟಿದ್ದರೂ ಅದನ್ನು 3 ತಿಂಗಳೊಳಗೆ ಹೆಣ್ಣಿಗೆ ವಹಿಸಿಕೊಡಬೇಕು ಎಂಬುದು ಬಹಳ ಜನಕ್ಕೆ ತಿಳಿಯದು. ಮದುವೆಯ ಉಡುಗೊರೆಗಳಿಗೆ ಪಟ್ಟಿ ಮಾಡಬೇಕು ಎಂಬ ನಿಯಮ 1985ರಿಂದ ಇದೆ. ಏನು ಕೊಟ್ಟರು, ಅಂದಾಜು ಬೆಲೆ ಎಷ್ಟು, ಕೊಟ್ಟವರು ಯಾರು, ಏನು ಸಂಬಂಧ, ಇಷ್ಟು ಬರೆದು ವಧೂವರರಿಬ್ಬರೂ ಸಹಿ ಹಾಕಬೇಕು. ನಮಗೇನು ಇದು ಹೊಸದೆ? ಮುಯ್ಯಿ ಪುಸ್ತಕ ಬರೆಯುವುದು ನಮ್ಮ ಹಳ್ಳಿಯ ಪದ್ಧತಿ. ಐದು ರೂಪಾಯಿ ಮುಯ್ಯಿಯನ್ನೂ ಬರೆದಿಡುವ ನಾವು ಮಗಳಿಗೆ ಹಾಕಿದ ಚಿನ್ನವನ್ನು ಬರೆದಿಡುವುದಿಲ್ಲ! ಇನ್ನು ಮೇಲೆ ಮುಯ್ಯಿ ಪುಸ್ತಕದ ಮೊದಲ ಹಾಳೆಯೇ ಆ ಪಟ್ಟಿಯಾಗಲಿ. ಒಡವೆ ಅಂಗಡಿಯ ಬಿಲ್ಲು, ಮದುವೆಯ ಫೋಟೋ ಜೋಪಾನವಾಗಿರಲಿ. ಹಾಗೆಯೇ ಒಂದು ಮಾತು. ಇಲ್ಲದ ಒಡವೆಯನ್ನು ಪಟ್ಟಿಗೆ ಸೇರಿಸಿ ಕೇಳುವವರೂ ಇದ್ದಾರೆ. ಸುಳ್ಳು ಪಟ್ಟಿ ಕೊನೆಗೆ ನಿಜವಾದ ಒಡವೆಯನ್ನೂ ಮುಳುಗಿಸುತ್ತದೆ.

ಎರಡನೆಯ ರಾಶಿ, ಗಂಡಿನದು. ಅವನ ತಾತ ಮುತ್ತಾತನಿಂದ ಬಂದ ಹೊಲ, ಮದುವೆಗೆ ಮುಂಚೆ ಅವನು ಕೊಂಡ ನಿವೇಶನ, ಅವನ ತಂದೆತಾಯಿಯ ಹೆಸರಿನ ಮನೆ. ಗಂಡನ ಪಿತ್ರಾರ್ಜಿತದಲ್ಲಿ ‘ಹೆಂಡತಿಯಾದ್ದರಿಂದ ನನಗೊಂದು ಪಾಲು’ ಅಂತ ವಿಚ್ಛೇದನದ ಹೊತ್ತಿಗೆ ಕೇಳಲು ಬರುವುದಿಲ್ಲ. ಅತ್ತೆ ಮಾವನ ಸ್ವಂತ ಸ್ವತ್ತಿನಲ್ಲಂತೂ ಇಲ್ಲವೇ ಇಲ್ಲ. ಅದೇ ರೀತಿ ಹೆಂಡತಿಗೆ ತವರಿನಿಂದ ಬಂದ ಪಾಲಿನಲ್ಲಿ ಗಂಡನಿಗೂ ಪಾಲಿಲ್ಲ. ನಮ್ಮ ರಾಜ್ಯದಲ್ಲಿ 1994ರ ತಿದ್ದುಪಡಿಯಿಂದ ಆಗ ಮದುವೆಯಾಗದಿದ್ದ ಹೆಣ್ಣುಮಕ್ಕಳಿಗೂ, 2005ರ ಕೇಂದ್ರ ತಿದ್ದುಪಡಿಯಿಂದ ಮದುವೆಯಾದ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮನಾದ ಹಕ್ಕು ಬಂದಿದೆ.

ಈ ಎರಡನೆಯ ರಾಶಿಯ ಬಗ್ಗೆ ಎರಡು ಎಚ್ಚರಿಕೆ ಬೇಕು. ಮಾಲೀಕತ್ವ ಬೇರೆ, ವಾಸದ ಹಕ್ಕು ಬೇರೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆಯ ಕಾಯಿದೆ ಪ್ರಕಾರ, ಮದುವೆ ಜಾರಿಯಲ್ಲಿರುವಾಗ ಹೆಂಡತಿಯನ್ನು ಕೂಡಿ ಬಾಳಿದ ಮನೆಯಿಂದ ಕಾನೂನು ಮೀರಿ ಆಚೆ ಹಾಕುವಂತಿಲ್ಲ. ಆ ಮನೆ ಅತ್ತೆ ಮಾವನ ಹೆಸರಿನಲ್ಲಿದ್ದರೂ ಈ ರಕ್ಷಣೆ ಸಿಗಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಇನ್ನೊಂದು ಎಚ್ಚರಿಕೆ ಮಕ್ಕಳದು. ಗಂಡ ಹೆಂಡತಿ ಬೇರೆಯಾಗಬಹುದು, ಅಪ್ಪ ಮಕ್ಕಳು ಬೇರೆಯಾಗುವುದಿಲ್ಲ. ತಾಯಿಯ ಜೊತೆ ಹೋದ ಮಗನಿಗಾಗಲಿ ಮಗಳಿಗಾಗಲಿ ತಂದೆಯ ಪಿತ್ರಾರ್ಜಿತದಲ್ಲಿರುವ ಹುಟ್ಟಿನ ಹಕ್ಕು ಹಾಗೇ ಇರುತ್ತದೆ. ‘ಮಕ್ಕಳ ಪಾಲನ್ನೂ ಬಿಟ್ಟುಕೊಟ್ಟಿದ್ದೇನೆ’ ಅಂತ ತಾಯಿಯಿಂದ ಬರೆಸಿಕೊಳ್ಳುವ ಪಂಚಾಯಿತಿಗಳನ್ನು ನಾನು ನೋಡಿದ್ದೇನೆ. ಅಪ್ರಾಪ್ತ ಮಕ್ಕಳ ಹಕ್ಕನ್ನು ಹಾಗೆ ಬರೆದುಕೊಡಲು ತಾಯಿಗೂ ಅಧಿಕಾರವಿಲ್ಲ, ತಂದೆಗೂ ಇಲ್ಲ.

ಇನ್ನು ಮೂರನೆಯ ರಾಶಿ. ತಾಯಂದಿರೆ, ಜಗಳವೆಲ್ಲ ಇರುವುದು ಇಲ್ಲೇ. ಮದುವೆಯಾದ ಮೇಲೆ ಇಬ್ಬರೂ ಬೆವರು ಸುರಿಸಿ ಮಾಡಿದ್ದು. ಹಾಲಿನ ದುಡ್ಡಿನಲ್ಲಿ ಎದ್ದ ಮನೆ, ಒಂದು ಹಸು ನಾಲ್ಕಾದದ್ದು, ಸಂಘದಲ್ಲಿ ಇಟ್ಟ ಠೇವಣಿ, ಕೊಂಡ ಬೈಕು, ಜೊತೆಗೆ ತೀರದೆ ಉಳಿದ ಸಾಲ. ಬೆಳಗಿನ ಜಾವ ನಾಲ್ಕೂವರೆಗೆ ಎದ್ದು ಸಗಣಿ ಬಾಚಿ, ಹುಲ್ಲು ಹಾಕಿ, ಹಾಲು ಕರೆದು ಡೈರಿಗೆ ಕಳಿಸುವವರು ಯಾರು? ಬಹುಪಾಲು ಮನೆಗಳಲ್ಲಿ ನೀವು. ಸದಸ್ಯತ್ವ ಯಾರ ಹೆಸರಿನಲ್ಲಿದೆ? ಬಟವಾಡೆ ಯಾರ ಖಾತೆಗೆ ಹೋಗುತ್ತದೆ? ಮನೆಯ ಖಾತೆ ಯಾರ ಹೆಸರಿಗಿದೆ? ಇದಕ್ಕೆ ಉತ್ತರವನ್ನು ನೀವೇ ನಿಮ್ಮ ಮನಸ್ಸಿನಲ್ಲಿ ಹೇಳಿಕೊಳ್ಳಿ.

ಈ ರಾಶಿಯನ್ನು ಹಂಚುವ ವಿಷಯದಲ್ಲಿ ನಮ್ಮ ಕಾಯಿದೆ ಹೆಚ್ಚುಕಡಿಮೆ ಮೌನವಾಗಿದೆ. 1955ರ ಹಿಂದೂ ವಿವಾಹ ಕಾಯಿದೆಯ 27ನೇ ಕಲಂ ಇದೆ. ಆದರೆ ಅದು ಮದುವೆಯ ಸಂಬಂಧವಾಗಿ ಇಬ್ಬರಿಗೂ ಸೇರಿ ಬಂದ ಉಡುಗೊರೆಗಳಿಗೆ ಮಾತ್ರ. ಅಂದರೆ ಮುಯ್ಯಿಯಾಗಿ ಬಂದ ಮಂಚ, ಬೀರು, ಪಾತ್ರೆ ಹಂಚಬಹುದು. ಹದಿನಾಲ್ಕು ವರ್ಷ ಕೂಡಿ ಗಳಿಸಿದ ಮನೆಯನ್ನು ಆ ಕಲಮಿನಲ್ಲಿ ಹಂಚಲು ಬರುವುದಿಲ್ಲ. ಗಂಡನ ಸ್ಥಿರಾಸ್ತಿಯಲ್ಲಿ ಹೆಂಡತಿಗೆ ಒಂದು ಭಾಗ ಕೊಡಿಸಬೇಕೆಂಬ ಮಸೂದೆಯೊಂದು 2013ರಲ್ಲಿ ರಾಜ್ಯಸಭೆಯಲ್ಲಿ ಪಾಸಾಯಿತು. ಲೋಕಸಭೆಯ ಅವಧಿ ಮುಗಿದು 2014ರಲ್ಲಿ ಅದು ಬಿದ್ದುಹೋಯಿತು.

ದೂರ ಹೋಗುವುದು ಬೇಡ, ಕಾರವಾರ ದಾಟಿದರೆ ಗೋವಾ. ಅಲ್ಲಿ ಪೋರ್ಚುಗೀಸರ ಕಾಲದ 1867ರ ಸಿವಿಲ್ ಸಂಹಿತೆಯಿಂದ ಬಂದ ಕಟ್ಟಳೆ ಇಂದಿಗೂ ಇದೆ. ಮದುವೆಗೆ ಮುಂಚೆ ಬೇರೆ ಕರಾರು ಮಾಡಿಕೊಳ್ಳದಿದ್ದರೆ ಗಂಡ ಹೆಂಡತಿಯ ಸ್ವತ್ತು ಒಟ್ಟು ಸ್ವತ್ತು. ಬೇರೆಯಾದರೆ ಅರ್ಧರ್ಧ. ಒಬ್ಬರ ಒಪ್ಪಿಗೆ ಇಲ್ಲದೆ ಇನ್ನೊಬ್ಬರು ಸ್ಥಿರಾಸ್ತಿ ಮಾರುವಂತಿಲ್ಲ. ಅಲ್ಲಿಯ ಸಂಸಾರಗಳೇನು ಇದರಿಂದ ಕೆಟ್ಟುಹೋಗಿಲ್ಲ. ಆದ್ದರಿಂದ ಅರ್ಧರ್ಧ ಎಂಬುದು ನಮ್ಮ ದೇಶಕ್ಕೆ ಒಗ್ಗದ ಮಾತು ಅಂತ ಯಾರಾದರೂ ಹೇಳಿದರೆ ಗೋವಾ ಕಡೆ ಬೆರಳು ತೋರಿಸಿ.

ನ್ಯಾಯಾಲಯಗಳ ಯೋಚನೆಯೂ ಬದಲಾಗುತ್ತಿದೆ. 2019ರ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ ಗಂಡಸರು 97 ನಿಮಿಷ ಕೊಡುತ್ತಾರೆ. ಅಪಘಾತ ಪರಿಹಾರದ ಒಂದು ಮೊಕದ್ದಮೆಯಲ್ಲಿ 2021ರಲ್ಲಿ ಸುಪ್ರೀಂ ಕೋರ್ಟು ಈ ಅಂಕಿಯನ್ನು ಎತ್ತಿ ಹೇಳಿ, ಗೃಹಿಣಿಯ ಕೆಲಸಕ್ಕೂ ಬೆಲೆ ಕಟ್ಟಬೇಕು ಅಂದಿತು. 2023ರಲ್ಲಿ ಮದ್ರಾಸ್ ಹೈಕೋರ್ಟು ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಗಂಡ ಪರದೇಶದಲ್ಲಿ ದುಡಿದು ಕಳಿಸಿದ, ಹೆಂಡತಿ ಊರಿನಲ್ಲಿ ಮನೆ ಮಕ್ಕಳನ್ನು ನೋಡಿಕೊಂಡಳು. ಆ ಗಳಿಕೆಯಲ್ಲಿ ಕೊಂಡ ಸ್ವತ್ತಿನಲ್ಲಿ ಆಕೆಗೂ ಸಮಪಾಲು ಇದೆ ಅಂತ ತೀರ್ಪು ಕೊಟ್ಟಿತು. ಇದು ಬೇರೆ ರಾಜ್ಯದ ಹೈಕೋರ್ಟಿನ ತೀರ್ಪು, ನಮ್ಮ ಕೋರ್ಟುಗಳು ಹಾಗೇ ಒಪ್ಪಬೇಕೆಂಬ ಕಡ್ಡಾಯವಿಲ್ಲ. ಆದರೂ ವಾದ ಮಾಡಲು ನಮಗೊಂದು ಊರುಗೋಲು.

ಹಾಗಾದರೆ ಮೂರನೆಯ ರಾಶಿಯ ಬದಲಿಗೆ ಕಾಯಿದೆ ಏನು ಕೊಡುತ್ತದೆ? ಜೀವನಾಂಶ ಕೊಡುತ್ತದೆ. ಹಿಂದೂ ವಿವಾಹ ಕಾಯಿದೆಯ 25ನೇ ಕಲಮಿನಲ್ಲಿ ಶಾಶ್ವತ ಜೀವನಾಂಶ ಕೇಳಬಹುದು. ಹೆಂಡತಿ ಮಾತ್ರವಲ್ಲ, ಕೈಲಾಗದ ಗಂಡನೂ ಕೇಳಬಹುದು. ಇಬ್ಬರ ಆದಾಯ, ಆಸ್ತಿ, ನಡವಳಿಕೆ, ಪರಿಸ್ಥಿತಿ ನೋಡಿ ಕೋರ್ಟು ಒಂದೇ ಸಲಕ್ಕೆ ಇಡಿಗಂಟು ಇಲ್ಲವೆ ತಿಂಗಳು ತಿಂಗಳು ಕೊಡಿಸುತ್ತದೆ. ಬೇಕಾದರೆ ಕೊಡಬೇಕಾದವರ ಸ್ಥಿರಾಸ್ತಿಯ ಮೇಲೆ ಋಣಭಾರವನ್ನೂ ಹಾಕುತ್ತದೆ. ಹೀಗೆ ಮಾಡಿಸಿಕೊಂಡರೆ ಜಮೀನು ಮಾರಿ ಕೈಯೆತ್ತಿಬಿಡಲು ಆಗುವುದಿಲ್ಲ. 2020ರ ರಜನೀಶ್ ಮತ್ತು ನೇಹಾ ಮೊಕದ್ದಮೆಯ ತೀರ್ಪಿನ ಮೇಲೆ, ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲ ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬಿಚ್ಚಿಡಬೇಕು. ‘ನನಗೆ ಏನೂ ಇಲ್ಲ ಸ್ವಾಮಿ’ ಅಂತ ಬರಿಗೈ ತೋರಿಸುವ ಕಾಲ ಹೋಯಿತು. ಆದರೆ ಜೀವನಾಂಶ ಇರುವುದು ಬದುಕಿಗೆ ಆಸರೆಯಾಗಲಿ ಅಂತ, ಇಬ್ಬರ ಆಸ್ತಿಯನ್ನು ಸಮ ಮಾಡುವುದಕ್ಕಲ್ಲ. 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಇದನ್ನೂ ಸ್ಪಷ್ಟಪಡಿಸಿದೆ.

ಮುಸ್ಲಿಂ ಅಕ್ಕತಂಗಿಯರೂ ನಮ್ಮ ಸಂಘದಲ್ಲಿದ್ದೀರಿ. ನಿಮಗೆ 1986ರ ಕಾಯಿದೆ ಇದೆ. ಮಹರ್ ಹಣ, ಮದುವೆಗೆ ಮುಂಚೆ, ಮದುವೆಯಲ್ಲಿ, ಆಮೇಲೆ ನಿಮಗೆ ಬಂದ ಎಲ್ಲ ಸ್ವತ್ತು ನಿಮಗೇ ಸೇರಬೇಕು. ಅದರ ಜೊತೆಗೆ, ಮುಂದಿನ ಬದುಕಿಗೂ ಸಾಲುವಂಥ ನ್ಯಾಯವಾದ ಏರ್ಪಾಡನ್ನು ಇದ್ದತ್ ಅವಧಿಯ ಒಳಗೇ ಗಂಡ ಮಾಡಿಕೊಡಬೇಕು ಅಂತ 2001ರಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದೆ. ಇನ್ನು ತಿಂಗಳ ಜೀವನಾಂಶದ ಸಾಮಾನ್ಯ ಕಾಯಿದೆ ಎಲ್ಲ ಧರ್ಮದವರಿಗೂ ಒಂದೇ. ಅದು ಹಿಂದೆ 125ನೇ ಕಲಂ ಆಗಿತ್ತು. 2024ರ ಜುಲೈ 1ರಿಂದ ಹೊಸ ಸಂಹಿತೆಯ 144ನೇ ಕಲಂ ಆಗಿದೆ.

ಈಗ ನನ್ನ ಹಾಳೆಗೆ ಬರುತ್ತೇನೆ. ಆ ಹೆಣ್ಣುಮಗಳ ಲೆಕ್ಕವನ್ನು ನಾನು ಆವತ್ತು ಹೇಗೆ ಬರೆಯಬೇಕಾಗಿತ್ತು ಅಂತ ಆಮೇಲೆ ಕೂತು ಬರೆದೆ. ಆಗಿನ ಬೆಲೆಯಲ್ಲೇ ಹೇಳುತ್ತೇನೆ. ನಿವೇಶನ ಗಂಡನ ತಂದೆಯ ಕಾಲದ್ದು, ಅದು ಎರಡನೆಯ ರಾಶಿಗೆ ಹೋಯಿತು, ಅದನ್ನು ಮುಟ್ಟಬಾರದು. ಅದರ ಮೇಲೆ ಹಾಲಿನ ದುಡ್ಡಿನಲ್ಲಿ ಎದ್ದ ಮನೆ ಕಟ್ಟಡ 4,50,000. ನಾಲ್ಕು ಹಸು 1,00,000. ಠೇವಣಿ 30,000. ಒಟ್ಟು 5,80,000. ಕೊಟ್ಟಿಗೆ ಕಟ್ಟಲು ತಂದ ಸಾಲದಲ್ಲಿ ಬಾಕಿ 80,000. ಅದನ್ನು ಕಳೆದರೆ ಮೂರನೆಯ ರಾಶಿ 5,00,000. ತಲಾ ಎರಡೂವರೆ ಲಕ್ಷ.

ಗೋಡೆ ಕೆಡವಿ ಹಂಚುವ ಹಾಗಿಲ್ಲ. ಆದ್ದರಿಂದ ಮನೆ ಗಂಡನಿಗೇ ಇರಲಿ, ಸಾಲವೂ ಅವನೇ ತೀರಿಸಲಿ. ಅಲ್ಲಿಗೆ ಅವನ ಕೈಯಲ್ಲಿ 3,70,000 ಆಯಿತು. ಹಸುಗಳು ಮತ್ತು ಠೇವಣಿ ಆಕೆಗೆ, 1,30,000. ಗಂಡ 1,20,000 ನಗದು ಕೊಟ್ಟರೆ ಇಬ್ಬರಿಗೂ ಎರಡೂವರೆ ಲಕ್ಷ ಸರಿಹೋಯಿತು. ಇನ್ನು 40 ಗ್ರಾಂ ಒಡವೆ. ಅದು ಹೋದದ್ದು ಗಂಡನ ಪಿತ್ರಾರ್ಜಿತ ಹೊಲದ ಕೊಳವೆಬಾವಿಗೆ. ನೀರು ಉಳಿದದ್ದು ಅವನ ಹೊಲದಲ್ಲಿ. ಆದ್ದರಿಂದ ಅಷ್ಟು ತೂಕವನ್ನೂ ಅವನು ಬೇರೆಯಾಗಿ ಹಿಂದಿರುಗಿಸಬೇಕು. ಮಗಳ ಓದು, ಊಟ, ಬಟ್ಟೆಯ ಖರ್ಚು ಈ ಯಾವ ಲೆಕ್ಕಕ್ಕೂ ಸೇರುವುದಿಲ್ಲ, ಅದು ತಂದೆಯ ಮೇಲಿನ ಪ್ರತ್ಯೇಕ ಹೊಣೆ.

ನೋಡಿ, ಎರಡೂವರೆ ಲಕ್ಷದ ಪಾಲು, ನಾಲ್ಕು ಹಸು ಹಿಡಿದುಕೊಂಡು ಹೋಗಿ ಅದೇ ದಿನ ಸಂಜೆ ಹಾಲು ಕರೆದು ಬದುಕುವ ದಾರಿ, 40 ಗ್ರಾಂ ಚಿನ್ನ, ಮಗಳ ಖರ್ಚು. ಇದಕ್ಕೆಲ್ಲ ಬದಲಾಗಿ ಒಂದೂವರೆ ಲಕ್ಷ ಕೊಟ್ಟು ‘ಯಾವ ಹಕ್ಕೂ ಇಲ್ಲ’ ಅಂತ ಬರೆಸಿದೆವು. ಯಾರೂ ಮೋಸ ಮಾಡಬೇಕೆಂದು ಮಾಡಲಿಲ್ಲ. ಪಂಚಾಯಿತಿಯ ಹಿರಿಯರೂ ಒಳ್ಳೆಯವರೇ. ‘ಎಷ್ಟು ಕೊಡ್ತೀಯಪ್ಪ?’ ಅಂತ ಕೇಳಿದರೇ ಹೊರತು ‘ಏನೇನಿದೆ, ಯಾವುದು ಯಾರದು?’ ಅಂತ ಕೇಳಲಿಲ್ಲ. ಚೌಕಾಸಿಯಲ್ಲಿ ಹುಟ್ಟಿದ ಮೊತ್ತಕ್ಕೆ ಲೆಕ್ಕದ ಆಧಾರ ಇರುವುದಿಲ್ಲ.

ಈ ಲೆಕ್ಕವನ್ನು ಕೋರ್ಟು ತಾನಾಗಿ ಮಾಡಿಕೊಡುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ಗಂಡ ಹೆಂಡತಿ ಇಬ್ಬರೂ ಒಪ್ಪಿ ಹೀಗೆ ಬರೆದುಕೊಟ್ಟರೆ ಕೋರ್ಟು ಬೇಡ ಅನ್ನುವುದಿಲ್ಲ. 13ಬಿ ಕಲಮಿನಲ್ಲಿ, ಒಂದು ವರ್ಷ ಬೇರೆ ಇದ್ದ ದಂಪತಿಗಳು ಪರಸ್ಪರ ಒಪ್ಪಿಗೆಯಿಂದ ಅರ್ಜಿ ಹಾಕಬಹುದು. ಅರ್ಜಿ ಹಾಕಿದ ಮೇಲೆ ಸಾಮಾನ್ಯವಾಗಿ 6 ತಿಂಗಳು ಕಾಯಬೇಕು. ಎಲ್ಲ ವಿವಾದ ತೀರಿಸಿಕೊಂಡು ಬಂದವರಿಗೆ ಈ ಅವಧಿಯನ್ನು ಕೋರ್ಟು ಮನ್ನಾ ಮಾಡಬಹುದು ಅಂತ 2017ರಲ್ಲಿ ತೀರ್ಪಾಗಿದೆ. ಆ ಅರ್ಜಿಯಲ್ಲೇ ಮೂರು ರಾಶಿಯ ಪಟ್ಟಿ ಇರಲಿ. ಸರ್ವೆ ನಂಬರು, ಮನೆಯ ಖಾತೆ ನಂಬರು, ಹಸುವಿನ ಕಿವಿ ಬಿಲ್ಲೆಯ ನಂಬರು ಸಮೇತ ಬರೆಸಿ. ಹಣವನ್ನು ಬ್ಯಾಂಕಿನ ಮೂಲಕ ಪಡೆಯಿರಿ. ಕಡೆಯ ಸಹಿಗೆ ಮುಂಚೆ ಪೂರ್ತಿ ಕೈಸೇರಲಿ.

ಅರಳಿಕಟ್ಟೆಯ ಮೇಲೆ ಛಾಪಾ ಕಾಗದದಲ್ಲಿ ಬರೆದ ಮಾತ್ರಕ್ಕೆ ಜಮೀನು, ಮನೆ ಕೈ ಬದಲಾಗುವುದಿಲ್ಲ. ಅದಕ್ಕೆ ನೋಂದಣಿ ಬೇಕು, ಇಲ್ಲವೆ ಆ ಸ್ವತ್ತು ಕೋರ್ಟಿನ ಡಿಕ್ರಿಯಲ್ಲೇ ಸರಿಯಾಗಿ ಬರಬೇಕು. ಸಾಲಕ್ಕೆ ಜಾಮೀನು ಹಾಕಿದ್ದರೆ ವಿಚ್ಛೇದನವಾದ ಮಾತ್ರಕ್ಕೆ ಆ ಜಾಮೀನು ಹೋಗುವುದಿಲ್ಲ. ಗಂಡನ ಬೆಳೆಸಾಲಕ್ಕೆ ನೀವು, ನಿಮ್ಮ ಸ್ತ್ರೀಶಕ್ತಿ ಗುಂಪಿನ ಸಾಲಕ್ಕೆ ಅವರು ಸಹಿ ಮಾಡಿದ್ದರೆ ಬೇರೆಯಾಗುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ನಾಮಿನಿ ಅಂದರೆ ಪಾಲುದಾರ ಎಂದೂ ತಿಳಿಯಬೇಡಿ. ನಾಮಿನಿಗೆ ಕೆಲಸ ಬರುವುದು ಖಾತೆದಾರ ತೀರಿಕೊಂಡಾಗ ಮಾತ್ರ.

ವಕೀಲರಿಗೆ ಕೊಡಲು ದುಡ್ಡಿಲ್ಲ ಅಂತ ಯಾರೂ ಹಿಂದೆ ಸರಿಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಲ್ಲಿ ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ವಕೀಲರನ್ನು ಕೊಡುತ್ತಾರೆ. ತಾಲ್ಲೂಕು ಕೋರ್ಟಿನ ಆವರಣದಲ್ಲೇ ಸಮಿತಿಯ ಕಚೇರಿ ಇರುತ್ತದೆ. 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ.

ಯಜಮಾನರುಗಳೆ, ನಿಮ್ಮ ಪರವಾಗಿಯೂ ಎರಡು ಮಾತಿದೆ. ಬೆಂಗಳೂರಿನಲ್ಲಿ ಗಾರೆ ಕೆಲಸ ಮಾಡಿ ಕಳಿಸಿದ ದುಡ್ಡಿನಲ್ಲಿ ನಿವೇಶನವನ್ನು ಹೆಂಡತಿಯ ಹೆಸರಿಗೆ ಕೊಂಡು, ಆಮೇಲೆ ಬರಿಗೈಯಲ್ಲಿ ನಿಂತ ಗಂಡಂದಿರನ್ನೂ ನಾನು ನೋಡಿದ್ದೇನೆ. ಹೆಸರಿನ ನಿಯಮ ಕತ್ತರಿಯಂತೆ ಎರಡು ಕಡೆಯೂ ಕತ್ತರಿಸುತ್ತದೆ. ಆದ್ದರಿಂದ ನಾನು ಹೇಳುವುದು ಹೆಂಡತಿಯ ಹೆಸರಿಗೆ ಮಾಡಿ ಅಂತಲ್ಲ, ಇಬ್ಬರ ಹೆಸರಿಗೂ ಮಾಡಿ ಅಂತ. ಪ್ರಧಾನ ಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಮನೆಯನ್ನೇ ಸರ್ಕಾರ ಸಾಮಾನ್ಯವಾಗಿ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲಿ ಕೊಡುತ್ತದೆ. ನಮ್ಮ ದುಡ್ಡಿನಲ್ಲಿ ಕೊಳ್ಳುವಾಗ ಕ್ರಯಪತ್ರದಲ್ಲಿ ಎರಡು ಹೆಸರು ಬರೆಸಲು ಅಡ್ಡಿ ಏನು?

ಕೊನೆಯದಾಗಿ ಸಂಘಕ್ಕೆ ನನ್ನ ವಿನಂತಿ. ಸಹಕಾರ ಎಂದರೆ ಕೂಡಿ ದುಡಿದದ್ದನ್ನು ಕೂಡಿ ಅನುಭವಿಸುವುದು. ಹಾಲಿನ ಅಳತೆ ಪೂರ್ತಿ ನೋಡಿ, ಕೊಬ್ಬಿನಂಶಕ್ಕೆ ತಕ್ಕ ಬೆಲೆ ಕಟ್ಟಿ, ಅವರವರ ಪುಸ್ತಕಕ್ಕೆ ಬರೆದು ಇಪ್ಪತ್ತೈದು ವರ್ಷ ಒಂದು ಪೈಸೆ ಆಚೀಚೆ ಆಗದಂತೆ ನಡೆಸಿದ್ದೀರಿ. ಅದೇ ಲೆಕ್ಕ ಮನೆಯೊಳಗೂ ಬರಲಿ. ಬೈಲಾ ಒಪ್ಪುವ ರೀತಿಯಲ್ಲಿ, ಹಾಲು ಕರೆಯುವವರ ಹೆಸರಿಗೇ ಸದಸ್ಯತ್ವ ಕೊಡಿ. ಬಟವಾಡೆ ಹೋಗುವ ಬ್ಯಾಂಕ್ ಖಾತೆ ಗಂಡ ಹೆಂಡತಿಯ ಜಂಟಿ ಖಾತೆಯಾಗಿರಲಿ ಅಂತ ಸದಸ್ಯರಿಗೆ ತಿಳಿಹೇಳಿ. ಹೊಸ ಹಸು ಕೊಳ್ಳುವಾಗ ವಿಮೆಯ ಕಾಗದದಲ್ಲಿ ಸಾಕುವವಳ ಹೆಸರು ಇರುವಂತೆ ನೋಡಿಕೊಳ್ಳಿ. ಇದಕ್ಕೆ ಯಾವ ಹೊಸ ಕಾಯಿದೆಯೂ ಬೇಕಾಗಿಲ್ಲ. ದೆಹಲಿಯಲ್ಲಿ ಮಸೂದೆ ಪಾಸಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಒಂದು ಠರಾವು ಸಾಕು.

ಹೆಸರು ಇಬ್ಬರದೂ ಇದ್ದರೆ ಸಂಸಾರ ಒಡೆಯುತ್ತದೆ ಅಂತ ಭಯಪಡಬೇಡಿ. ನನ್ನ ಅನುಭವದಲ್ಲಿ ‘ಇದರಲ್ಲಿ ನಿನಗೇನಿದೆ?’ ಎಂಬ ಮಾತು ಒಡೆದಷ್ಟು ಸಂಸಾರಗಳನ್ನು ಬೇರೆ ಯಾವುದೂ ಒಡೆದಿಲ್ಲ.

ಆ ಹೆಣ್ಣುಮಗಳು ಆಮೇಲೆ ತವರಿನಲ್ಲಿ ಒಂದು ಹಸು ಕಟ್ಟಿಕೊಂಡು ಮಗಳನ್ನು ಓದಿಸಿದಳು. ಈಗ ಆಕೆಯ ಊರಿನ ಡೈರಿಯಲ್ಲಿ ಸದಸ್ಯತ್ವ ಆಕೆಯ ಹೆಸರಿನಲ್ಲೇ ಇದೆ. ವರ್ಷಕ್ಕೊಮ್ಮೆ ಸಿಕ್ಕಿದಾಗ ನನಗೆ ಮರ್ಯಾದೆಯಿಂದ ಕೈಮುಗಿಯುತ್ತಾಳೆ. ನಾನೂ ಮುಗಿಯುತ್ತೇನೆ. ಆಕೆಯ ಪಾಲಿನ ಬಾಕಿಯನ್ನು ನಾನು ತೀರಿಸಲಾರೆ. ಇವತ್ತು ನಿಮ್ಮಲ್ಲಿ ಹತ್ತು ಮನೆಯವರು ಈ ಮೂರು ರಾಶಿಯ ಹಾಳೆಯನ್ನು ನೆನಪಿಟ್ಟುಕೊಂಡರೆ ಅಷ್ಟರ ಮಟ್ಟಿಗೆ ನನ್ನ ಸಾಲ ಇಳಿಯಿತು ಅಂದುಕೊಳ್ಳುತ್ತೇನೆ.

ಸಂಜೆ ಹಾಲಿನ ಹೊತ್ತಾಯಿತು, ನಿಮ್ಮನ್ನು ಇನ್ನೂ ಕೂರಿಸಿಕೊಳ್ಳಬಾರದು.